ಹಳೇ ಪುಷ್ಪಕ್ ವಿಮಾನಕ್ಕೆ ಯಾವ ಬಟ್ಟೆ ಹೊದಿಸಬೇಕು?

ನೀವು ಕೇಳಿದ್ದು ಇಷ್ಟು: ಮಂಡ್ಯದ ಹತ್ತಿರ ತೋಟದ ತಗಡಿನ ಶೆಡ್ಡಿನಲ್ಲಿ ಹಳೇ ಪುಷ್ಪಕ್‌ನ ಚೌಕಟ್ಟು ಇದೆ. ನೀವೂ ನಿಮ್ಮ ಭಾವನೂ ಭಾನುವಾರಗಳಲ್ಲಿ ಅದನ್ನು ಸರಿ ಮಾಡುತ್ತಿದ್ದೀರಿ. ಹಾರಿಸುವ ಆಸೆ ಇದೆ. ವಿಮಾನಕ್ಕೆ ಹೊದಿಸುವ ಬಟ್ಟೆ, ಬಣ್ಣಗಳಲ್ಲಿ ಪಾಲಿ-ಫೈಬರ್, ಸೆಕೋನೈಟ್, ಸ್ಟೀವರ್ಟ್, ಓರಾಟೆಕ್ಸ್ ಅಂತ ನಾಲ್ಕು ಹೆಸರು ಕೇಳಿದ್ದೀರಿ, ಇವುಗಳಲ್ಲಿ ಯಾವುದನ್ನು ತರಿಸಲಿ?

ನಾನು ಮೈಸೂರಿನವನು. ಈ ಕೆಲಸ ಕಲಿತದ್ದು ಒಂದು ಫ್ಲೈಯಿಂಗ್ ಕ್ಲಬ್ಬಿನ ಹ್ಯಾಂಗರಿನಲ್ಲಿ, ಹಿರಿಯ ಮೆಕ್ಯಾನಿಕ್‌ಗಳ ಪಕ್ಕ ನಿಂತು. 1958ರಲ್ಲಿ ಮೊದಲು ಹಾರಿದ, ನಮ್ಮ ಎಚ್‌ಎಎಲ್‌ನವರೇ ಕಟ್ಟಿದ ಈ ಪುಟ್ಟ ವಿಮಾನ ಒಂದು ಮತ್ತೆ ಮೇಲೇಳುತ್ತದೆ ಅಂದರೆ ನನಗೆ ನಿಜವಾಗಿ ಖುಷಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಶೆಡ್ಡು, ನಿಮ್ಮಿಬ್ಬರ ಕೈ, ನಮ್ಮ ಕಡೆಯ ಹವಾಮಾನ ನೋಡಿ ಹೇಳುವುದಾದರೆ ನನ್ನ ಆಯ್ಕೆ ಪಾಲಿ-ಫೈಬರ್. ಮೇಲಿನ ಬಣ್ಣಕ್ಕೆ ಪಾಲಿ-ಟೋನ್. ಕನ್ನಡಿಯಂಥ ಹೊಳಪು ಬರಲ್ಲ. ಆದರೆ ತಪ್ಪಿದರೆ ಎಂಇಕೆ ಅನ್ನೋ ದ್ರಾವಕದಲ್ಲಿ ಒರೆಸಿ ಮತ್ತೆ ಮಾಡಬಹುದು. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಹೊಳೆಯುವ ಪಾಲಿಯುರೆಥೇನ್ ಬಣ್ಣ ಹೊಡೆದರೆ ಮುಂದೆ ಒಂದು ಸಣ್ಣ ತೇಪೆ ಹಾಕುವುದೂ ಕಷ್ಟ.

ಒಂದು ವಿಷಯ ತಿಳಿದಿರಲಿ. ಈ ನಾಲ್ಕರಲ್ಲೂ ಬಟ್ಟೆ ಪಾಲಿಯೆಸ್ಟರೇ. ನಿಮಗೆ ಬೇಕಾದ ಮಧ್ಯಮ ತೂಕದ್ದು ಚದರ ಮೀಟರಿಗೆ ಸುಮಾರು 90 ಗ್ರಾಂ ಬರುತ್ತದೆ. ವ್ಯತ್ಯಾಸ ಇರುವುದು ಮುಖ್ಯವಾಗಿ ಅದರ ಮೇಲೆ ಏನು ಬಳಿಯುತ್ತೀರಿ ಅನ್ನುವುದರಲ್ಲಿ. ಸೆಕೋನೈಟ್ ಮೇಲೆ ಸಾಮಾನ್ಯವಾಗಿ ಮೊದಲು ನೈಟ್ರೇಟ್ ಡೋಪ್, ಆಮೇಲೆ ಬ್ಯುಟಿರೇಟ್ ಡೋಪ್. ಡೋಪ್ ಅಂದರೆ ವಿಮಾನದ ಬಟ್ಟೆಗೆ ಬಳಿಯುವ ವಾರ್ನಿಶ್‌ನಂಥ ದ್ರವ. ನೈಟ್ರೇಟ್ ಅಂದರೆ ಹಳೇ ಕಾಲದ ಸಿನಿಮಾ ರೀಲಿನ ಜಾತಿಯದು. ಒಂದು ಕಿಡಿ ಸಾಕು. ತಗಡಿನ ಶೆಡ್ಡು, ಪಕ್ಕದಲ್ಲಿ ಒಣಗಿದ ಕಬ್ಬಿನ ಸೋಗೆ, ಅದರ ನಡುವೆ ನೈಟ್ರೇಟ್ ಡೋಪ್ ಬೇಡವೇ ಬೇಡ. ಪಾಲಿ-ಫೈಬರ್‌ನ ಎಂಇಕೆ ಕೂಡ ಚೆನ್ನಾಗಿ ಹೊತ್ತಿಕೊಳ್ಳುವ ದ್ರಾವಕವೇ. ಬಾಗಿಲು ತೆರೆದು, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿಕೊಂಡೇ ಬಳಸಿ. ಆದರೆ ಒಣಗಿದ ಮೇಲೆ ಅದರ ಪದರ ನೈಟ್ರೇಟ್‌ನಂತೆ ಉರಿಯಲ್ಲ.

ಡೋಪ್ ಬೇಡ ಅನ್ನಲು ಇನ್ನೊಂದು ಕಾರಣ ನಮ್ಮ ಮಳೆಗಾಲ. ಡೋಪ್‌ನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಅಲ್ಲೇ ಕೂತು ಬಿಳಿ ಮಬ್ಬು ಹಿಡಿಯುತ್ತದೆ, ಆ ಪದರದಲ್ಲಿ ಶಕ್ತಿಯೂ ಇರಲ್ಲ. ಯಾವ ವ್ಯವಸ್ಥೆ ಆರಿಸಿದರೂ ಸಂಕ್ರಾಂತಿ ಕಳೆದ ಮೇಲೆ ಬಳಿಯಲು ಶುರು ಮಾಡಿ, ಯುಗಾದಿ ಹೊತ್ತಿಗೆ ಮುಗಿಸಿ. ಸುತ್ತಮುತ್ತ ಆಲೆಮನೆ ಇದ್ದರೆ ಹೊಗೆ, ಮಸಿ ಯಾವ ಕಡೆ ಬರುತ್ತದೆ ನೋಡಿಕೊಳ್ಳಿ. ಹಸಿ ಪದರದ ಮೇಲೆ ಕೂತ ಮಸಿ ಮತ್ತೆ ಹೋಗಲ್ಲ.

ಸ್ಟೀವರ್ಟ್ ನೀರಿನ ಆಧಾರದ ಬಣ್ಣ. ವಾಸನೆ ಕಡಿಮೆ, ಸಾಗಿಸುವುದೂ ಸುಲಭ. ಶೆಡ್ಡು ಮನೆಗೆ ಅಂಟಿಕೊಂಡಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಸ್ಪ್ರೇ ಮಾಡುವ ಕೈ ಮಾತ್ರ ಪಳಗಿರಬೇಕು. ಓರಾಟೆಕ್ಸ್ ಜರ್ಮನಿಯದು, ಬಣ್ಣ ಬಟ್ಟೆಯಲ್ಲೇ ಬಂದಿರುತ್ತದೆ. ಅಂಟಿಸಿ, ಬಿಸಿ ಮಾಡಿ ಬಿಗಿಸಿದರೆ ಮುಗಿಯಿತು, ತೂಕವೂ ಕಡಿಮೆ. ಬೆಲೆ ಜಾಸ್ತಿ. ದುಡ್ಡಿಗೆ ತೊಂದರೆ ಇಲ್ಲ ಅಂದರೆ ಖಂಡಿತ ಯೋಚಿಸಿ.

ಏನನ್ನೇ ಆರಿಸಿ, ಒಂದಕ್ಕೊಂದು ಬೆರೆಸಬೇಡಿ. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಒಂದು ರಡ್ಡರ್‌ಗೆ (ಬಾಲದ ಚುಕ್ಕಾಣಿಗೆ) ಬಟ್ಟೆ ಹೊದಿಸುವಾಗ ನೈಟ್ರೇಟ್ ಮುಗಿದಿತ್ತು. ಕಾಯಲು ತಾಳ್ಮೆ ಇರಲಿಲ್ಲ. ಪಾಲಿಯೆಸ್ಟರ್ ಮೇಲೆ ನೇರವಾಗಿ ಬ್ಯುಟಿರೇಟ್ ಬಳಿದೆ. ನೋಡಲು ಬಹಳ ಚೆನ್ನಾಗಿತ್ತು. ಎರಡು ಮಳೆಗಾಲ ಕಳೆದ ಮೇಲೆ ಅಂಚಿನಲ್ಲಿ ಉಗುರು ಹಾಕಿದೆ. ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಹಾಗೆ ಅಂಗೈ ಅಗಲ ಎದ್ದು ಬಂತು. ಕೆಳಗೆ ಬಟ್ಟೆ ಬೆಳ್ಳಗೆ ಹಾಗೇ ಇತ್ತು, ಡೋಪ್ ಅದನ್ನು ಹಿಡಿದೇ ಇರಲಿಲ್ಲ. ಪೂರ್ತಿ ರಡ್ಡರ್ ಬಿಚ್ಚಿ ಮತ್ತೆ ಮಾಡಿದೆ. ಅಂಟಿನಿಂದ ಹಿಡಿದು ಕೊನೆಯ ಬಣ್ಣದವರೆಗೆ ಒಂದೇ ಕಂಪನಿಯ ಸಾಮಾನು, ಅವರದೇ ಕೈಪಿಡಿ. ಅಷ್ಟೇ.

ಈಗ ಬಿಗಿಸುವ ಕೆಲಸ. ನಿಮ್ಮ ಕಡೆ ತಮಟೆ ಬಡಿಯುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ ಅಲ್ವಾ, ಪಾಲಿಯೆಸ್ಟರ್ ಕೂಡ ಹಾಗೇ ಕಾವಿಗೆ ಬಿಗಿಯುತ್ತದೆ. ಮೊದಲ ಸುತ್ತು 121 ಡಿಗ್ರಿ ಸೆಲ್ಸಿಯಸ್, ಕೊನೆಯ ಸುತ್ತು 177. ಅದನ್ನು ದಾಟಿದರೆ ಬಟ್ಟೆ ಸಡಿಲವಾಗುತ್ತದೆ, ತಮಟೆ ಹಾಗೆ ಮತ್ತೆ ಕಾಯಿಸಿದರೆ ಬಿಗಿ ಬರಲ್ಲ. ಮನೆಯ ಇಸ್ತ್ರಿ ಪೆಟ್ಟಿಗೆಯನ್ನೇ ಬಳಸಬಹುದು, ಆದರೆ ಅದರ ಮೇಲಿನ ಗುರುತುಗಳನ್ನು ನಂಬಬೇಡಿ. ತಳಕ್ಕೆ ತಾಗಿಸುವ ಥರ್ಮಾಮೀಟರ್ ಇಟ್ಟು ಅಳೆದು, ಗುಂಡಿಯ ಮೇಲೆ ನೀವೇ ಪೆನ್ನಿನಲ್ಲಿ ಗುರುತು ಹಾಕಿ. ದೂರದಿಂದ ತೋರಿಸುವ ಇನ್‌ಫ್ರಾರೆಡ್ ಗನ್ ಹೊಳೆಯುವ ತಳದ ಮೇಲೆ ತಪ್ಪು ಲೆಕ್ಕ ಕೊಡುತ್ತದೆ. ರೆಕ್ಕೆಯ ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ, ಹೀಗೆ ಸರದಿಯಲ್ಲಿ ಬಿಗಿಸಿ. ಒಂದೇ ಕಡೆ ಎಳೆದರೆ ಹಿಂದಿನ ಅಂಚು ಬಾಗುತ್ತದೆ.

ಬೆಳ್ಳಿ ಬಣ್ಣದ ಪದರದಲ್ಲಿ ಜಿಪುಣತನ ಬೇಡ. ಪಾಲಿಯೆಸ್ಟರ್‌ನ ಶತ್ರು ಬಿಸಿಲು. ಅದನ್ನು ತಡೆಯುವುದು ಆ ಪದರದಲ್ಲಿರುವ ಅಲ್ಯುಮಿನಿಯಂ ಪುಡಿ. ಕತ್ತಲಾದ ಮೇಲೆ ಒಳಗಡೆ ಒಂದು ಬಲ್ಬ್ ಹಿಡಿದು ಹೊರಗಿನಿಂದ ನೋಡಿ. ಬೆಳಕು ಇಣುಕಿದರೆ ಇನ್ನೊಂದು ಕೋಟ್ ಬೇಕು.

ರಿಬ್ ಹೊಲಿಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಒಳಗಿನ ಪಟ್ಟಿಗಳಿಗೆ ಬಟ್ಟೆಯನ್ನು ಹೊಲಿಯುವುದು, ನಿಮ್ಮಿಬ್ಬರದೂ ಸೇರಿ ಆಗುವ ಕೆಲಸ. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಒಬ್ಬರು ಈ ಕಡೆ, ಒಬ್ಬರು ಆ ಕಡೆ. ಉದ್ದ ಸೂಜಿ ರಿಬ್‌ನ ಒಂದು ಪಕ್ಕದಿಂದ ಹೋಗಿ ಇನ್ನೊಂದು ಪಕ್ಕದಿಂದ ವಾಪಸ್ ಬರಬೇಕು. ಪ್ರತಿ ಹೊಲಿಗೆಗೂ ಒಂದು ಗಂಟು, ಗಂಟು ರಿಬ್‌ನ ನೆತ್ತಿಯ ಮೇಲೆ ಅಲ್ಲ, ಪಕ್ಕಕ್ಕೆ ಕೂರಬೇಕು. ಪ್ರೊಪೆಲ್ಲರ್ ಗಾಳಿ ಬಡಿಯುವ ಕಡೆ ಹೊಲಿಗೆ ಹತ್ತಿರ ಹತ್ತಿರ ಬರುತ್ತದೆ. ಎಷ್ಟು ಅಂತರ? ಹಳೇ ಬಟ್ಟೆ ಇನ್ನೂ ಇದ್ದರೆ ದಯವಿಟ್ಟು ಬಿಸಾಕಬೇಡಿ. ಹೊಲಿಗೆಯ ಅಂತರ, ನೀರು ಹೋಗುವ ತೂತು, ಒಳಗೆ ನೋಡುವ ಕಿಂಡಿಯ ಜಾಗ, ಎಲ್ಲ ಅದರ ಮೇಲೇ ಇರುತ್ತದೆ. ಅಳೆದು ಬರೆದಿಟ್ಟು, ವಿಮಾನದ ಕೈಪಿಡಿಯ ಜೊತೆ ತಾಳೆ ನೋಡಿ.

ಇನ್ನು ಕಾಗದಪತ್ರ. ಹಾರಿಸಬೇಕು ಅಂದರೆ ಬಟ್ಟೆ ತರಿಸುವ ಮೊದಲೇ ಡಿಜಿಸಿಎ (ನಾಗರಿಕ ವಿಮಾನಯಾನ ನಿಯಂತ್ರಣ ಇಲಾಖೆ) ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರನ್ನು ಕರೆತಂದು ಚೌಕಟ್ಟು ತೋರಿಸಿ. ಈ ಬಟ್ಟೆ, ಬಣ್ಣಗಳನ್ನು ಬೇರೆ ವಿಮಾನಕ್ಕೆ ಬಳಸಲು ಅಮೆರಿಕದಲ್ಲಿ ಸಿಕ್ಕ ಒಪ್ಪಿಗೆ ಪುಷ್ಪಕ್‌ಗೆ ತಾನಾಗಿ ಬರಲ್ಲ. ತುಕ್ಕು, ವೆಲ್ಡಿಂಗ್ ಎಲ್ಲ ಅವರು ನೋಡಬೇಕಾದದ್ದು ಈಗಲೇ. ಮುಚ್ಚಿದ ಮೇಲೆ ನೋಡಬೇಕು ಅಂದರೆ ಬಟ್ಟೆ ಹರಿಯಬೇಕಾಗುತ್ತದೆ.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಎರಡಡಿಗೆ ಮೂರಡಿಯ ಮರದ ಚೌಕಟ್ಟು ಮಾಡಿ, ನಡುವೆ ಎರಡು ಪಟ್ಟಿ ಕೊಟ್ಟು, ಅಂಟು, ಇಸ್ತ್ರಿ, ಹೊಲಿಗೆ, ಬೆಳ್ಳಿ, ಬಣ್ಣ ಎಲ್ಲ ಅದರ ಮೇಲೆ ಒಮ್ಮೆ ಮಾಡಿ ನೋಡಿ. ಬೇಕಂತಲೇ ಒಂದು ಕಡೆ ಹರಿದು ತೇಪೆ ಹಾಕಿ. ಅದು ನಿಮಗೆ ತೃಪ್ತಿ ಆದ ಮೇಲೆ ರಡ್ಡರ್‌ನಿಂದ ಶುರು ಮಾಡಿ. ರೆಕ್ಕೆಗಳು ಕೊನೆಗಿರಲಿ.