ಗಂಡಾಳು, ಹೆಣ್ಣಾಳು: ಕೂಲಿಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು, ನನ್ನ ಹೆಂಡತಿ ಒಂದೇ ಹೊಲಕ್ಕೆ ಉಳ್ಳಾಗಡ್ಡಿ ಕೀಳಲು ಹೋಗುತ್ತೇವೆ. ನನಗೆ 500 ರೂಪಾಯಿ, ಆಕೆಗೆ 300. ನನ್ನದು 8 ತಾಸು. ಆಕೆ ಅಡುಗೆ ಮುಗಿಸಿ ಬರುವುದರಿಂದ 7 ತಾಸು. ‘ಗಂಡಾಳಿನದು ಭಾರದ ಕೆಲಸ’ ಅನ್ನುತ್ತಾರೆ ಮಾಲಕರು. ಇದು ಸರಿಯೇ? (ರೋಣ ತಾಲೂಕು)

ಸರಿಯಲ್ಲ. ಮೊದಲು ತಾಸಿನ ಲೆಕ್ಕ ಹಾಕಿ. ನಿಮಗೆ ತಾಸಿಗೆ 62 ರೂಪಾಯಿ 50 ಪೈಸೆ ಬೀಳುತ್ತದೆ, ಅವರಿಗೆ 43ರ ಆಸುಪಾಸು. ಒಂದು ತಾಸು ತಡವಾಗಿ ಬಂದದ್ದನ್ನು ಕಳೆದರೂ ತಾಸಿಗೆ ಸುಮಾರು 20 ರೂಪಾಯಿ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅದಕ್ಕೆ ಹೆಣ್ಣಾಳು ಅನ್ನುವುದು ಬಿಟ್ಟರೆ ಬೇರೆ ಕಾರಣವಿಲ್ಲ.

ಇನ್ನು ಭಾರದ ಮಾತು. ಕೀಳುವ ಕೆಲಸ ಇಬ್ಬರದೂ ಒಂದೇ. ಆಮೇಲೆ ಹೆಣ್ಣುಮಕ್ಕಳು ಕುಕ್ಕರುಗಾಲಲ್ಲಿ ಕೂತು ಸೊಪ್ಪು ಕೊಯ್ಯುತ್ತಾರೆ, ಗಡ್ಡೆ ಆರಿಸುತ್ತಾರೆ. ಚೀಲ ಎತ್ತಿ ಹೇರುವುದು ಗಂಡಸರು. ಹೇರುವ ಕೆಲಸ ದಿನವಿಡೀ ಇರುವುದಿಲ್ಲ, ಗಾಡಿ ಬಂದಾಗ ಮಾತ್ರ. ಆ ಒಂದೆರಡು ತಾಸಿನ ಭಾರಕ್ಕೆ ಇಡೀ ದಿನದ ಕೂಲಿ ಏರಿಸಿಕೊಡುತ್ತಿದ್ದಾರೆ. ಅತ್ತ ಕೊಯ್ಯುವ ಕೈಯ ಕಸುಬು ಯಾರ ಲೆಕ್ಕಕ್ಕೂ ಬರುತ್ತಿಲ್ಲ. ಕುಡುಗೋಲಿನಿಂದ ಸೊಪ್ಪು ತೆಗೆಯುವಾಗ ಗಡ್ಡೆಯ ಮೇಲೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಕುತ್ತಿಗೆ ಉಳಿಸಬೇಕು. ಗಡ್ಡೆಗೆ ಹತ್ತಿ ಕೊಯ್ದರೆ ಗಾಯ ಆರುವುದಿಲ್ಲ, ಕೊಳೆ ಕುತ್ತಿಗೆಯಿಂದ ಒಳಗಿಳಿದು ಚೀಲದಲ್ಲಿನ ಬೇರೆ ಗಡ್ಡೆಗಳನ್ನೂ ಕೆಡಿಸುತ್ತದೆ. ಮಾಲಕರ ಮಾಲು ಲಿಲಾವಿನ ತನಕ ಉಳಿಯುವುದು ಈ ಕೈಗಳಿಂದ. ಇದನ್ನು ಹಗುರ ಕೆಲಸ ಎಂದು ನಾವು ಒಪ್ಪುವುದಿಲ್ಲ.

ಕಾನೂನು ನಿಮ್ಮ ಹೆಂಡತಿಯ ಕಡೆಗಿದೆ. ಒಂದೇ ಕೆಲಸಕ್ಕೆ ಅಥವಾ ಅದೇ ಬಗೆಯ ಕೆಲಸಕ್ಕೆ ಹೆಣ್ಣು ಎಂಬ ಕಾರಣದಿಂದ ಕಡಿಮೆ ಕೊಡಬಾರದು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತು. 2019ರ ವೇತನ ಸಂಹಿತೆಯಲ್ಲೂ ಅದೇ ನಿಯಮವಿದೆ. ಸಮ ಮಾಡುತ್ತೇನೆಂದು ನಿಮ್ಮ 500ನ್ನು ಇಳಿಸಲಿಕ್ಕೂ ಬರುವುದಿಲ್ಲ. ಹಾಗಾಗಿ ಗಂಡಸರು ಈ ಮಾತಿಗೆ ಅಂಜಬೇಕಾದ್ದಿಲ್ಲ, ಜೊತೆಗೆ ನಿಲ್ಲಬಹುದು.

ಕೇಳುವ ರೀತಿ ಮುಖ್ಯ. ಕೆಲಸದ ನಡುವೆ ಒಬ್ಬಾಕೆ ಕೇಳಿದರೆ ಮರುದಿನ ಆಕೆಯನ್ನು ಕರೆಯುವುದಿಲ್ಲ, ಅಷ್ಟೇ. ಸುಗ್ಗಿಗೆ ಮೊದಲು, ಆಳು ಹುಡುಕುವ ಹೊತ್ತಿನಲ್ಲಿ, ಎಂಟು ಹತ್ತು ಮಂದಿ ಕೂಡಿ ಕೇಳಬೇಕು. ಬೇಡಿಕೆ ಹೀಗಿರಲಿ: ಕೀಳುವುದು, ಕೊಯ್ಯುವುದು, ಆರಿಸುವುದಕ್ಕೆ ಎಲ್ಲರಿಗೂ ತಾಸಿನ ದರ ಒಂದೇ, ಚೀಲ ಹೇರುವುದಕ್ಕೆ, ಹೇರಿದವರಿಗೆ, ಚೀಲದ ಲೆಕ್ಕದಲ್ಲಿ ಬೇರೆ ಹಮಾಲಿ. ಹೀಗೆ ಬಿಡಿಸಿಟ್ಟರೆ ‘ಭಾರ’ ಎಂಬ ಮಾತಿಗೆ ಜಾಗವೇ ಉಳಿಯುವುದಿಲ್ಲ. ಗುತ್ತಿಗೆ ಹಿಡಿಯುವುದಾದರೆ ಒಂದು ಎಚ್ಚರ. ತುಂಬಿದ ಚೀಲಕ್ಕಷ್ಟೇ ದುಡ್ಡು ಎಂದರೆ, ಆರಿಸಿ ಬದಿಗಿಟ್ಟ ಸಣ್ಣ ಗಡ್ಡೆಯ ದುಡಿಮೆ ಪುಕ್ಕಟೆಯಾಗುತ್ತದೆ. ಅದಕ್ಕೂ ದರ ಮಾತಾಡಿಕೊಳ್ಳಿ.

ಗಂಡ ಹೆಂಡತಿಯ ಪಗಾರ ಕೂಡಿಸಿ ಗಂಡನ ಕೈಗಿಡುವ ರೂಢಿಯನ್ನೂ ಬಿಡಿಸಿ. 40 ಹಾಳೆಯ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಬಂದ ವೇಳೆ, ಹೋದ ವೇಳೆ, ಮಾಡಿದ ಕೆಲಸ, ಕೊಟ್ಟ ದುಡ್ಡು ಇವನ್ನು ಅವರ ಹೆಸರಿನಲ್ಲೇ ಬರೆದಿಡಿ. ಮಾತು ಹರಿಯದಿದ್ದರೆ ಅದನ್ನೇ ಹಿಡಿದು ತಾಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ಅರ್ಜಿ ಕೊಡಬಹುದು. ವಕೀಲರು ಬೇಕಾದರೆ ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ನೆರವು ಉಚಿತ. ಫೋನ್ 15100.

ಪ್ರಶ್ನೆ: ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ನಮಗೆ ಕೆಜಿ ಲೆಕ್ಕ. ದಿನವಿಡೀ ಕೂತರೂ ಗಿಟ್ಟುವುದಿಲ್ಲ. ರಾತ್ರಿ ಕೈ ಉರಿಗೆ ನಿದ್ದೆ ಇಲ್ಲ. (ಬ್ಯಾಡಗಿ ತಾಲೂಕು)

ತೂಕ ಯಾವಾಗ ಮಾಡುತ್ತಾರೆ ನೋಡಿ. ತೊಟ್ಟು ತೆಗೆದ ಮೇಲೆ ತೂಗಿದರೆ ನೀವು ಕಿತ್ತ ತೊಟ್ಟಿನ ತೂಕ ನಿಮ್ಮ ಕೂಲಿಯಿಂದಲೇ ಹೋಗುತ್ತದೆ. ಒಂದು ಕೆಜಿ ಕಾಯಿ ತೂಗಿ, ತೊಟ್ಟು ಬಿಡಿಸಿ, ಮತ್ತೆ ತೂಗಿ. ಎಷ್ಟು ಕಡಿಮೆ ಬಂತೋ ಅಷ್ಟು ದರದಲ್ಲಿ ಏರಬೇಕು, ಇಲ್ಲವೇ ಮೊದಲೇ ತೂಗಬೇಕು. ಎರಡನೆಯದು ಕಾಯಿಯ ಜಾತಿ. ಕಡ್ಡಿ ತೆಳುವು, ಡಬ್ಬಿ ದಪ್ಪ. ಕೆಜಿಗೆ ಕಡ್ಡಿ ಕಾಯಿ ಹೆಚ್ಚು ಬೀಳುವುದರಿಂದ ಮುರಿಯಬೇಕಾದ ತೊಟ್ಟೂ ಹೆಚ್ಚು. ಎರಡಕ್ಕೂ ಒಂದೇ ದರ ಅಂದರೆ ಕಡ್ಡಿ ಬಂದ ದಿನ ನಿಮಗೆ ನಷ್ಟ. ಪೂರ್ತಿ ದಿನ ದುಡಿದವರಿಗೆ ಕೆಜಿ ಲೆಕ್ಕದಲ್ಲಿ ಸಿಗುವ ಕೂಲಿ ಸರಕಾರದ ಕನಿಷ್ಠ ಕೂಲಿಗಿಂತ ಕೆಳಗಿಳಿಯಬಾರದು. ಒಂದು ವಾರದ ಕೆಜಿ ಬರೆದಿಟ್ಟರೆ ಅದು ಕಣ್ಣಿಗೆ ಕಾಣುತ್ತದೆ.

ಉರಿಗೆ ಕಾರಣ ಕಾಯಿಯ ಖಾರದ ಅಂಶ. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರಲ್ಲಿ ಕೈ ತೊಳೆದರೆ ಹೋಗದಿರುವುದು ಇದಕ್ಕೇ. ಕೆಲಸಕ್ಕೆ ಕೂರುವ ಮೊದಲು ಕೈಗೆ, ಉಗುರಿನ ಸಂದಿಗೆ ಅಡುಗೆ ಎಣ್ಣೆ ಹಚ್ಚಿ. ಮುಗಿದ ಮೇಲೆ ಮತ್ತೆ ಎಣ್ಣೆ ತಿಕ್ಕಿ, ಬಟ್ಟೆಯಿಂದ ಒರೆಸಿ, ಆಮೇಲೆ ಎರಡು ಸಲ ಸಾಬೂನು ಹಾಕಿ ತೊಳೆಯಿರಿ. ಬಿಸಿ ನೀರು ಬೇಡ, ಉರಿ ಹೆಚ್ಚುತ್ತದೆ. ಕೂಸಿಗೆ ಹಾಲುಣಿಸುವ ತಾಯಂದಿರು ಸೆರಗು, ಕುಪ್ಪಸ ಬದಲಿಸದೆ ಕೂಸನ್ನು ಎತ್ತಿಕೊಳ್ಳಬೇಡಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಆರು ಜನ ಕೆಲಸ ಮಾಡುವ ಅಂಗಡಿ. ಮಾಲಕರೇ ಮೈಮೇಲೆ ಬರುವಂತೆ ನಡೆದುಕೊಳ್ಳುತ್ತಾರೆ. ಸಣ್ಣ ಅಂಗಡಿಗೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರುವುದಿಲ್ಲವಂತೆ, ಯಾರಿಗೆ ಹೇಳಲಿ?

ಅಂಗಡಿಯಲ್ಲಿ ಇರದಿದ್ದರೆ ಜಿಲ್ಲೆಯಲ್ಲಿ ಇದೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಗೆ, ಹಾಗೂ ದೂರು ಮಾಲಕರ ಮೇಲೆಯೇ ಇದ್ದಾಗ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ನಿಮಗೆ ಅದು ಧಾರವಾಡ ಜಿಲ್ಲೆಯದು. ಕೊನೆಯ ಘಟನೆ ನಡೆದು ಮೂರು ತಿಂಗಳೊಳಗೆ ಕೊಡಿ. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶ ಸಿಗಬಹುದು. ದೂರಿನ ಆರು ಪ್ರತಿ ಬೇಕು. ತಾರೀಖು, ವೇಳೆ, ಆಡಿದ ಮಾತು ಅದೇ ಶಬ್ದಗಳಲ್ಲಿ, ನೋಡಿದವರ ಹೆಸರು ಇವೆಲ್ಲ ಇರಲಿ. ‘ಕೆಟ್ಟದಾಗಿ ನಡೆದುಕೊಂಡರು’ ಎಂದಷ್ಟೇ ಬರೆದರೆ ದೂರು ಸಡಿಲಾಗುತ್ತದೆ. ವಾಟ್ಸಾಪ್ ಸಂದೇಶ ಅಳಿಸಬೇಡಿ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ತುರ್ತಿಗೆ 181ಕ್ಕೆ ಕರೆ ಮಾಡಿ. ತಪ್ಪು ನಿಮ್ಮದಲ್ಲ, ಧೈರ್ಯವಾಗಿ ಹೋಗಿ.

ಪ್ರಶ್ನೆ: ನಾವಿಬ್ಬರೂ ನೌಕರಿಗೆ ಹೋಗುತ್ತೇವೆ. ನಾನು ಸಂತೆ, ಬಿಲ್ಲು ಎಲ್ಲ ನೋಡಿಕೊಂಡರೂ ‘ಮನೆಗೆಲಸ ನನ್ನ ಮೇಲೇ’ ಅನ್ನುತ್ತಾಳೆ ಹೆಂಡತಿ. (ಧಾರವಾಡ)

ಅವರು ಹೇಳುವುದು ನಿಜವಿರಬಹುದು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡಿದ ಹೆಂಗಸರ ಸರಾಸರಿ ದಿನಕ್ಕೆ 289 ನಿಮಿಷ, ಗಂಡಸರದು 88. ಆದರೆ ನಿಮಿಷಕ್ಕಿಂತ ವೇಳೆಯ ಕಟ್ಟು ದೊಡ್ಡದು. ಬಿಲ್ಲನ್ನು ನಾಳೆ ಕಟ್ಟಬಹುದು, ಊಟದ ಡಬ್ಬಿಯನ್ನು ನಾಳೆ ತುಂಬಲು ಬರುವುದಿಲ್ಲ. ನಿಮ್ಮ ಓಣಿಯಲ್ಲಿ ನಳ ನಾಲ್ಕಾರು ದಿನಕ್ಕೊಮ್ಮೆ ಬರುವುದಾದರೆ, ಆ ದಿನ ಮನೆಯಲ್ಲಿ ಉಳಿಯುವವರು ಯಾರು, ಆಫೀಸಿಗೆ ತಡವಾಗುವುದು ಯಾರಿಗೆ ಎಂದು ನೋಡಿ.

‘ಸಹಾಯ ಮಾಡುತ್ತೇನೆ’ ಎನ್ನುವ ಬದಲು ವೇಳೆಗೆ ಕಟ್ಟಿಬಿದ್ದ ಎರಡು ಕೆಲಸವನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ. ನಳದ ದಿನ ಒಂದು, ಮುಂಜಾನೆಯ ರೊಟ್ಟಿ ಇನ್ನೊಂದು. ರೊಟ್ಟಿ ಗಂಡಸರ ಕೈಗೆ ಒಗ್ಗದು ಎಂಬುದು ಸುಳ್ಳು. ಜೋಳದ ಹಿಟ್ಟಿಗೆ ಗೋದಿಯ ಅಂಟು (ಗ್ಲುಟೆನ್) ಇಲ್ಲ, ಜಿಗಿ ಬರುವುದು ಕುದಿಯುವ ನೀರಿನಿಂದ. ಒಂದು ಬಟ್ಟಲು ಹಿಟ್ಟಿಗೆ ಸುಮಾರು ಒಂದು ಬಟ್ಟಲು ನೀರು. ಕುದಿ ಬರದ ನೀರು ಹಾಕಿದರೆ, ಇಲ್ಲವೇ ಹಿಟ್ಟು ಹಳೆಯದಾಗಿದ್ದರೆ, ಬಡಿಯುವಾಗ ಅಂಚು ಸೀಳುತ್ತದೆ. ಚೆನ್ನಾಗಿ ನಾದಿ, ಒಣ ಹಿಟ್ಟು ಉದುರಿಸಿ ಬಡಿಯಿರಿ. ಹಂಚಿಗೆ ಹಾಕಿದೊಡನೆ ಮೇಲೆ ಒದ್ದೆ ಬಟ್ಟೆ ಆಡಿಸಿ, ಆ ನೀರು ಆರುತ್ತಿದ್ದಂತೆ ತಿರುವಿ. ಮೊದಲ ವಾರ ನಾಲ್ಕೇ ರೊಟ್ಟಿ ಸಾಕು.