‘ಎಲುಬು ಸುಳ್ಳು ಹೇಳುವುದಿಲ್ಲ’ ಎಂದು ಬರೆದವರಿಗೆ

ಪ್ರಿಯ ಡಾಕ್ಟರೇ,

ಪುಟ್ಟ ಮಕ್ಕಳ ಎಲುಬು ಮುರಿದಾಗ ಅದು ಬಿದ್ದು ಆದದ್ದೋ, ಯಾರಾದರೂ ಮಾಡಿದ್ದೋ ಎಂದು ತಿಳಿಯುವ ಬಗೆಯನ್ನು ಹೇಳುವ ನಿಮ್ಮ ಲೇಖನ ಶಿರಸಿಯಿಂದ ಬಂದು ಮುಟ್ಟಿದೆ. ವಿಷಯ ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ನಿಮ್ಮ ಭಾಷೆಯೂ ಸಲೀಸಾಗಿದೆ. ಆದರೆ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

“ಸುರುಳಿಯಾಕಾರದ ಮುರಿತ ಕಂಡರೆ ಯಾರೋ ಮಗುವಿನ ಕಾಲು ತಿರುಚಿದ್ದಾರೆ ಎಂದೇ ಅರ್ಥ.”

ಎಕ್ಸ್‌ರೇಯಲ್ಲಿ ಕಾಣುವ ಆ ಸುರುಳಿ ಗೆರೆಯಿಂದ ಗೊತ್ತಾಗುವುದು ಎಲುಬಿನ ಮೇಲೆ ತಿರುಚುವ ಬಲ ಬಿದ್ದಿತ್ತು ಎಂಬುದಷ್ಟೇ. ನಡೆಯಲು ಕಲಿಯುತ್ತಿರುವ ಮಗು, ಅಂದರೆ ಸುಮಾರು ಒಂಬತ್ತು ತಿಂಗಳಿಂದ ಮೂರು ವರ್ಷದೊಳಗಿನದು, ಜಗಲಿಯಿಂದ ಅಂಗಳಕ್ಕೆ ಇಳಿಯುವಾಗ ಪಾದ ಎಲ್ಲೋ ಸಿಕ್ಕಿಕೊಂಡು ಮೈ ಮಾತ್ರ ತಿರುಗಿದರೆ, ಮೊಣಕಾಲ ಕೆಳಗಿನ ಟಿಬಿಯಾ ಎಲುಬಿನಲ್ಲಿ ಇದೇ ಸುರುಳಿ ಬರುತ್ತದೆ. ಇದಕ್ಕೆ ಟಾಡ್ಲರ್ಸ್ ಫ್ರ್ಯಾಕ್ಚರ್ ಎಂಬ ಹೆಸರೇ ಇದೆ. ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಮಗು ಕಾಲೂರಲು ಒಲ್ಲೆ ಅನ್ನುತ್ತದೆ, ಅಷ್ಟೇ. ಓರೆಯಾಗಿ ಇನ್ನೊಂದು ಫಿಲ್ಮ್ ತೆಗೆದರೆ ಸಿಗಬಹುದು, ಇಲ್ಲವಾದರೆ ಹತ್ತು ದಿನ ಬಿಟ್ಟು ತೆಗೆದಾಗ ಎಲುಬಿನ ಮಗ್ಗುಲಲ್ಲಿ ಹೊಸ ಪದರ ಕಾಣುತ್ತದೆ. ಇಂಥ ಮಗುವಿನ ಅಪ್ಪನ ನೆರೆಮನೆಯವರು ನಿಮ್ಮ ವಾಕ್ಯ ಓದಿದರೆ ಆ ಮನೆಯ ಗತಿ ಏನು?

ಇದೇ ಗೆರೆ ನಾಲ್ಕು ತಿಂಗಳ ಕೂಸಿನ ತೊಡೆಯೆಲುಬಿನಲ್ಲಿದ್ದರೆ ಮಾತು ಬೇರೆ. ಮಗುಚಿಕೊಳ್ಳಲೂ ಬಾರದ ಕೂಸು ತನ್ನಷ್ಟಕ್ಕೇ ಅಷ್ಟು ಬಲ ಹುಟ್ಟಿಸಲಾರದು. ಓಡಾಡುವ ಮಗುವಿನ ತೊಡೆಯೆಲುಬು ಎಡವಿ ಬಿದ್ದೂ ಮುರಿಯಬಹುದು. ತೋಳಿನದೂ ಹೀಗೆಯೇ. ಮೊಣಕೈಯಿಂದ ತುಸು ಮೇಲೆ ಮುರಿದಿದ್ದರೆ ಹೆಚ್ಚಾಗಿ ಕೈಯೂರಿ ಬಿದ್ದದ್ದು. ಒಂದೂವರೆ ವರ್ಷದೊಳಗಿನ ಮಗುವಿನ ತೋಳೆಲುಬು ನಟ್ಟನಡುವೆ ಮುರಿದಿದ್ದರೆ ಕೂರಿಸಿ ಕೇಳಲೇಬೇಕು. ನಿಮ್ಮ ಇಡೀ ಲೇಖನದಲ್ಲಿ ಮಗುವಿನ ವಯಸ್ಸು ಬಂದಿರುವುದು ಒಂದೇ ಕಡೆ, ಅದೂ ಆವರಣದೊಳಗೆ.

ನಾವು ಕಲಿಯುವಾಗ ರೇಡಿಯಾಲಜಿ ಮೇಷ್ಟ್ರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಲು ಬಿಡುತ್ತಲೇ ಇರಲಿಲ್ಲ. “ಮಗು ಏನೇನು ಮಾಡ್ತದೆ, ಮೊದಲು ಅದು ಹೇಳಿ” ಅನ್ನುವರು. ಕವುಚಿ ಬೀಳುತ್ತದೋ, ಅಂಬೆಗಾಲಿಡುತ್ತದೋ, ಹಿಡಿದು ನಿಲ್ಲುತ್ತದೋ? ಆಮೇಲೆ ಮನೆಯವರು ಹೇಳಿದ್ದು, ಅವರದೇ ಮಾತಿನಲ್ಲಿ. ಫಿಲ್ಮ್ ಕಟ್ಟಕಡೆಗೆ. ನಮಗೆಲ್ಲ ಅದೊಂದು ಕಾಟ ಅನ್ನಿಸುತ್ತಿತ್ತು. ನೀವು ಫಿಲ್ಮಿನಿಂದ ಶುರುಮಾಡಿ ಮಗುವಿಗೆ ಬಂದಿದ್ದೀರಿ, ಎಡವಟ್ಟಾದದ್ದು ಅಲ್ಲೇ. ಅಮೆರಿಕದ ಮಕ್ಕಳ ರೇಡಿಯಾಲಜಿಸ್ಟ್ ಜಾನ್ ಕ್ಯಾಫಿಯ ಹೆಸರು ಹಾಕಿದ್ದೀರಿ, ಸರಿ. 1946ರಲ್ಲಿ ಅವರು ತಲೆಯೊಳಗೆ ರಕ್ತ ಕಟ್ಟಿದ್ದ ಆರು ಕೂಸುಗಳ ಕೈಕಾಲಿನಲ್ಲಿ 23 ಮುರಿತಗಳನ್ನು ತೋರಿಸಿದರು. ಪೆಟ್ಟಿನಿಂದ ಆದವು ಅಂದರೇ ಹೊರತು ಕೊಟ್ಟವರು ಯಾರು ಎಂಬಲ್ಲಿಗೆ ಹೋಗಲಿಲ್ಲ. ಆ ಎಚ್ಚರವನ್ನೂ ಅವರಿಂದ ತೆಗೆದುಕೊಳ್ಳಬೇಕಿತ್ತು.

“ಎಕ್ಸ್‌ರೇ ನೋಡಿ ಪೆಟ್ಟು ಬಿದ್ದ ದಿನವನ್ನೇ ಹೇಳಬಹುದು.”

ದಿನ ಹೇಳಲಾಗದು, ವಾರದ ಅಂದಾಜು ಹೇಳಬಹುದು. ಎಲುಬಿನ ಮೇಲ್ಪೊರೆಯಡಿ ಹೊಸ ಮೂಳೆ ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಕಾಣತೊಡಗುತ್ತದೆ, ಮುರಿದೆಡೆಯನ್ನು ಬೆಸೆಯುವ ಗಂಟು, ಅಂದರೆ ಕ್ಯಾಲಸ್, ಮೆದುವಾಗಿ ಎರಡು ಮೂರು ವಾರಕ್ಕೆ, ಗಟ್ಟಿಯಾಗುವುದು ಆಮೇಲೆ. ಮೊದಲಿನ ಆಕಾರಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ತಲೆಬುರುಡೆಗೆ ಈ ಲೆಕ್ಕ ಹೊಂದುವುದೇ ಇಲ್ಲ, ಅಲ್ಲಿ ಕ್ಯಾಲಸ್ ಕಟ್ಟುವುದಿಲ್ಲ. ಈ ಅಂದಾಜು ಕೆಲಸಕ್ಕೆ ಬರುವುದು ಹೇಳಿದ ಕತೆಯನ್ನು ಒರೆಗೆ ಹಚ್ಚಲು. ಮಂಚದಿಂದ ಒಮ್ಮೆ ಬಿತ್ತು ಅನ್ನುತ್ತಾರೆ, ಆದರೆ ಒಂದು ಮುರಿತ ಹಸಿಯಾಗಿದೆ, ಇನ್ನೊಂದು ಕೂಡಿಕೊಳ್ಳುತ್ತಿದೆ. ಹೆರಿಗೆಯಲ್ಲಿ ಕಾಲರ್ ಬೋನ್ ಮುರಿಯಿತು ಅನ್ನುತ್ತಾರೆ, ಮೂರು ವಾರದ ಕೂಸಿಗೆ ಅಲ್ಲಿ ಕ್ಯಾಲಸ್ಸಿನ ಸುಳಿವೂ ಇಲ್ಲ. ಆಗ ಹೆರಿಗೆಯ ಮೇಲೆ ಹಾಕುವಂತಿಲ್ಲ.

ಇನ್ನು ನನ್ನನ್ನು ನಿಜಕ್ಕೂ ಕೆಣಕಿದ ಸಾಲು: “ಪಕ್ಕೆಲುಬಿನ ಮುರಿತವೂ ಅಪಾಯಕಾರಿ.”

ಇಷ್ಟೇನಾ? ಎರಡು ಪುಟ ಬೇಕಿದ್ದ ಜಾಗ ಇದು. ದೊಡ್ಡವರು ಎರಡೂ ಅಂಗೈಯಲ್ಲಿ ಕೂಸಿನ ಎದೆಗೂಡನ್ನು ಹಿಡಿದು ಮುಂದಿನಿಂದ ಹಿಂದಕ್ಕೆ ಅದುಮಿದಾಗ, ಪಕ್ಕೆಲುಬಿನ ಹಿಂತುದಿ ಬೆನ್ನುಮೂಳೆಯ ಅಡ್ಡಚಾಚಿನ ಮೇಲೆ ಹಾರೆ ಮೀಟಿದ ಹಾಗೆ ಮೀಟಿ, ಬೆನ್ನುಮೂಳೆಗೆ ಅಂಟಿಕೊಂಡೇ ಮುರಿಯುತ್ತದೆ. ತೊಟ್ಟಿಲಿಂದ ಬಿದ್ದರೆ ಹೀಗಾಗುವುದು ತೀರಾ ಅಪರೂಪ. ಉಸಿರು ನಿಂತಾಗ ಎದೆ ಒತ್ತಿದರೂ ಹಿಂಭಾಗದಲ್ಲಿ ಮುರಿಯುವುದು ಅಪರೂಪವೇ, ಏಕೆಂದರೆ ಬೆನ್ನು ಗಟ್ಟಿ ನೆಲಕ್ಕೆ ಆನಿಕೊಂಡಿರುತ್ತದೆ. ಇಂಥ ಹಸಿ ಮುರಿತ ಎಕ್ಸ್‌ರೇಯ ಕಣ್ಣು ತಪ್ಪಿಸುತ್ತದೆ. ಅದಕ್ಕೇ ಅನುಮಾನವಿದ್ದರೆ ಎರಡು ವರ್ಷದೊಳಗಿನ ಮಗುವಿಗೆ ಮೈಯ ಎಲ್ಲ ಎಲುಬುಗಳ ಸರ್ವೆ ಮಾಡಬೇಕು. ಕೈಕಾಲಿನ ಒಂದೊಂದು ಭಾಗಕ್ಕೂ ಬೇರೆ ಫಿಲ್ಮ್, ಪಕ್ಕೆಲುಬಿಗೆ ಓರೆ ಫಿಲ್ಮ್. ಸುಮಾರು ಎರಡು ವಾರಕ್ಕೆ ಮತ್ತೊಮ್ಮೆ ತೆಗೆದರೆ, ಮೊದಲು ಅಡಗಿದ್ದ ಜಾಗದಲ್ಲಿ ಕ್ಯಾಲಸ್ಸಿನ ಗಂಟು ಕಾಣುತ್ತದೆ. ಇಡೀ ಕೂಸನ್ನು ಒಂದೇ ಫಿಲ್ಮಿನಲ್ಲಿ ಹಿಡಿದರೆ ಸರ್ವೆ ಆಗುವುದಿಲ್ಲ. ಎಲುಬಿನ ತುದಿಯಲ್ಲಿ ಮೂಲೆ ಚಕ್ಕೆಯೆದ್ದಂತೆ ಕಾಣುವ ಮೆಟಾಫೈಸಿಸ್ ಮುರಿತವನ್ನು ನೀವು ಹೆಸರಿಸಿಯೇ ಇಲ್ಲ. ಕೈಕಾಲು ಹಿಡಿದು ಎಳೆದಾಗ, ತಿರುಚಿದಾಗ, ಕೂಸನ್ನು ಕುಲುಕಾಡಿಸಿದಾಗ ಆಗುವಂಥದ್ದು ಅದು. ಒಂದು ವರ್ಷದೊಳಗಿನ ಕೂಸಿನಲ್ಲಿ ಸುರುಳಿಗಿಂತ ಇದಕ್ಕೆ ತೂಕ ಹೆಚ್ಚು.

“ತಡವಾಗಿ ಕರೆತಂದರೆ ಅನುಮಾನಿಸಿ” ಎಂಬುದನ್ನು ಪಠ್ಯಪುಸ್ತಕದಿಂದ ಎತ್ತಿದ್ದೀರಿ. ಜೋಯಿಡಾದ ಒಳಊರಲ್ಲಿ ಆಷಾಢದ ಮಳೆಗೆ ಕಾಲುಸಂಕ ಕೊಚ್ಚಿಹೋದರೆ ತಡವಾಗದೆ ಇರುತ್ತದೆಯೇ? ಎಲುಬು ಕಟ್ಟುವವರ ಹತ್ತಿರ ಮೊದಲು ಹೋದವರೂ ಇದ್ದಾರೆ. ತಡ ಯಾಕಾಯಿತು ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು, ಅಪ್ಪ ಅಮ್ಮ ಇಬ್ಬರನ್ನೂ ಬೇರೆ ಬೇರೆ ಕೂರಿಸಿ. ಮೀಯಿಸುವ ಅಜ್ಜಿಯ ಮೇಲೆ ತಪ್ಪು ಹೊರಿಸಿದರೆ, ಎಣ್ಣೆ ಹೇಗೆ ತಿಕ್ಕುತ್ತಾರೆ ಎಂದು ಅವರಿಂದಲೇ ಗೊಂಬೆಯ ಮೇಲೆ ಮಾಡಿಸಿ ನೋಡಬೇಕು.

ತಿದ್ದಿ ಕಳಿಸುವಾಗ ಎಲುಬು ಮೆದುವಾಗುವ ರಿಕೆಟ್ಸ್, ಹುಟ್ಟಿನಿಂದಲೇ ಎಲುಬು ಸುಲಭವಾಗಿ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ತಿಂಗಳು ತುಂಬದೆ ಹುಟ್ಟಿದ ಕೂಸಿನ ಮೆದು ಎಲುಬು, ಇವಕ್ಕೆ ಒಂದು ಪ್ಯಾರಾ ಕೊಡಿ. ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ ಪರೀಕ್ಷೆ ಮಾಡಿಸುತ್ತಾರೆ ಎಂಬುದೂ ಬರಲಿ. ಅನುಮಾನ ಬಂದಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸುವುದು, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು ನಿಮ್ಮಲ್ಲಿ ಕೊನೇ ಸಾಲಿಗೆ ಬಿದ್ದಿದೆ, ಮೇಲೆ ತನ್ನಿ. ಮತ್ತೆ, ನೀವು ಲಗತ್ತಿಸಿದ ಎಕ್ಸ್‌ರೇಯ ಮೂಲೆಯಲ್ಲಿ ಮಗುವಿನ ಹೆಸರೂ ಆಸ್ಪತ್ರೆಯ ನೋಂದಣಿ ಸಂಖ್ಯೆಯೂ ಹಾಗೇ ಇದ್ದವು. ನನ್ನ ಪ್ರತಿಯನ್ನು ಅಳಿಸಿದ್ದೇನೆ, ನಿಮ್ಮ ಫೋನಿನಲ್ಲಿರುವುದನ್ನೂ ಅಳಿಸಿ.