ಅಲೈನರ್ ಹಾಕಿಸೋದಾ, ಕ್ಲಿಪ್ ಹಾಕಿಸೋದಾ? ಮೊದಲು ನಿಮ್ಮ ಚಾ ಲೆಕ್ಕ ಹೇಳಿ

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 27, ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿವೆ, ಮೇಲೆ ಒಂದು ಕೋರೆಹಲ್ಲು ತಿರುಗಿದೆ, ಉಡುಪಿಯಲ್ಲಿ ಕೆಲಸ, ಮುಂದಿನ ವರ್ಷ ಮದುವೆ, ತಂತಿ ಕ್ಲಿಪ್ ಹಾಕಲು ನಾಚಿಕೆ, ಹಾಗಾಗಿ ಅಲೈನರ್, ಅಂದರೆ ಹಲ್ಲಿನ ಮೇಲೆ ಕೂರಿಸಿ ತೆಗೆಯಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಕವಚ, ಆಗಬಹುದಾ ಅಂತ ಕೇಳಿದ್ದೀರಿ. ನಾನು 31ನೇ ವಯಸ್ಸಿನಲ್ಲಿ ಹಾಕಿಸಿಕೊಂಡವ. ಮುಗಿದು ಒಂದೂವರೆ ವರ್ಷ ಆಯಿತು. ಡಾಕ್ಟರ್ ಅಲ್ಲ, ಸುರತ್ಕಲ್‌ನಿಂದ ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಲೆಕ್ಕ ಬರೆಯುವವ.

ಅದಕ್ಕೇ ಮೊದಲು ಲೆಕ್ಕ ಕೇಳುತ್ತೇನೆ. ದಿನಕ್ಕೆ ಎಷ್ಟು ಸಾರಿ ಚಾ ಕುಡಿಯುತ್ತೀರಿ?

ತಮಾಷೆ ಅಲ್ಲ ಮಾರಾಯ್ರೇ. ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು. ನನ್ನ ಡಾಕ್ಟರ್ 22 ಅಂದರು. ಅಂದರೆ ಹೊರಗೆ ಇಡಲು ಸಿಗುವುದು 120 ನಿಮಿಷ. ಬೆಳಗಿನ ತಿಂಡಿಗೆ 25, ಎರಡು ಊಟಕ್ಕೆ 30 ಮತ್ತು 30, ಪ್ರತಿ ಸಾರಿ ತಿಂದ ಮೇಲೆ ಹಲ್ಲುಜ್ಜಲು ಐದೈದು ನಿಮಿಷ. ಅಲ್ಲಿಗೆ 100 ಮುಗಿಯಿತು. ಉಳಿದದ್ದು 20 ನಿಮಿಷ. ಅದರಲ್ಲಿ ಹನ್ನೊಂದರ ಚಾ, ನಾಲ್ಕರ ಚಾ, ಅದರ ಜೊತೆ ಬರುವ ಗೋಳಿಬಜೆ, ಯಾರದೋ ಹುಟ್ಟುಹಬ್ಬದ ಕೇಕ್, ಎಲ್ಲ ಹೊಂದಿಸಬೇಕು. ಹಾಕಿಕೊಂಡೇ ಕುಡಿಯಬಹುದಲ್ವಾ ಅಂತ ಅನಿಸುತ್ತದೆ, ನನಗೂ ಅನಿಸಿತ್ತು. ಆಗುವುದಿಲ್ಲ. ಬಿಸಿಗೆ ಪ್ಲಾಸ್ಟಿಕ್ ಆಕಾರ ಕೆಡುತ್ತದೆ, ಚಾ ಬಣ್ಣ ಹಿಡಿಯುತ್ತದೆ, ಎಲ್ಲಕ್ಕಿಂತ ಕೆಟ್ಟದ್ದು ಏನೆಂದರೆ ಸಕ್ಕರೆ ನೀರು ಅಲೈನರ್ ಒಳಗೆ ಹಲ್ಲಿಗೆ ಅಂಟಿಕೊಂಡು ಕೂರುತ್ತದೆ, ಎಂಜಲು ಅದನ್ನು ತೊಳೆಯಲು ಒಳಗೆ ಹೋಗುವುದಿಲ್ಲ, ಹುಳುಕಿಗೆ ಅದೇ ದಾರಿ. ಒಮ್ಮೆ ಬಿಸಿಲಲ್ಲಿ ಎಳನೀರು ತಾನೇ, ನೀರೇ ಅಲ್ವಾ ಅಂತ ಹಾಕಿಕೊಂಡೇ ಕುಡಿದಿದ್ದೆ. ಅದರಲ್ಲೂ ಸಕ್ಕರೆ ಉಂಟು ಅಂತ ಡಾಕ್ಟರ್ ಬೈದರು. ಅಲೈನರ್ ಹಾಕಿಕೊಂಡು ಕುಡಿಯಬಹುದಾದದ್ದು ಬರೀ ತಣ್ಣೀರು.

ಹಾಗಾಗಿ ಮೂರು ತಿಂಗಳಲ್ಲಿ ಗೋಳಿಬಜೆ ನಿಂತಿತು. ತಿನ್ನಬಾರದು ಅಂತಲ್ಲ, ತಿನ್ನುವ ಮೊದಲು ಕೈ ತೊಳೆದು, ವಾಶ್‌ಬೇಸಿನ್ ಹತ್ತಿರ ನಿಂತು, ದವಡೆ ಹಲ್ಲಿನ ಹಿಂದಿನಿಂದ ಉಗುರು ಹಾಕಿ ಎಬ್ಬಿಸಿ, ಎಂಜಲಿನ ದಾರ ಎಳೆದುಕೊಂಡು ಬರುವ ಆ ವಸ್ತುವನ್ನು ತೊಳೆದು ಡಬ್ಬಿಗೆ ಹಾಕಿ, ತಿಂದು, ಮತ್ತೆ ಉಜ್ಜಿ, ಮತ್ತೆ ಕೂರಿಸುವಷ್ಟು ರುಚಿ ಯಾವ ಬಜೆಗೂ ಇಲ್ಲ. ನಾಲ್ಕು ಕೆಜಿ ಇಳಿದೆ. ಅಮ್ಮ ಅದನ್ನೂ ಹಲ್ಲಿನ ಖರ್ಚಿನಲ್ಲಿ ಸೇರಿಸಿ ಬೈದಳು.

ತಂಗಿಗೆ ಕಾಲೇಜಿನಲ್ಲಿ ಲೋಹದ ಕ್ಲಿಪ್ ಹಾಕಿಸಿದ್ದೆವು, ಅವಳಿಗೆ ಈ ಲೆಕ್ಕ ಯಾವುದೂ ಇರಲಿಲ್ಲ. ಕೋರಿ ರೊಟ್ಟಿಯನ್ನು ಸಾರಿನಲ್ಲಿ ಮೆತ್ತಗಾಗುವ ತನಕ ಕಾಯಬೇಕು, ಚಕ್ಕುಲಿ ಬೇಡ, ಸಂದಿಯಲ್ಲಿ ಮೀನಿನ ಮುಳ್ಳು ಸಿಕ್ಕಿದರೆ ಕಣ್ಣೀರು, ತಂತಿ ಕೆನ್ನೆಗೆ ಚುಚ್ಚಿದರೆ ಮೇಣ. ಆದರೆ ಕ್ಲಿಪ್ ತನ್ನ ಕೆಲಸ ತಾನೇ ಮಾಡುತ್ತದೆ. ನೀವು ಸೋಮಾರಿಯಾದರೂ ಅದು ಸೋಮಾರಿ ಆಗುವುದಿಲ್ಲ. ಅಲೈನರ್ ಡಬ್ಬಿಯಲ್ಲಿ ಕೂತರೆ ಹಲ್ಲು ಅಲ್ಲೇ ನಿಲ್ಲುತ್ತದೆ, ಎರಡು ದಿನ ಬಿಟ್ಟರೆ ಹಿಂದೆಯೂ ಸರಿಯುತ್ತದೆ.

ಅದು ಕೆಲಸ ಮಾಡುವ ರೀತಿ ಸಣ್ಣದಾಗಿ ಹೇಳುತ್ತೇನೆ. ಬಾಯಿಯನ್ನು ಸ್ಕ್ಯಾನ್ ಮಾಡಿ, ಹಲ್ಲುಗಳು ಹಂತ ಹಂತವಾಗಿ ಎಲ್ಲಿಗೆ ಹೋಗಬೇಕು ಅಂತ ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಪ್ರತಿ ಹಂತಕ್ಕೊಂದು ಅಚ್ಚನ್ನು 3ಡಿ ಪ್ರಿಂಟ್ ಮಾಡಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಒತ್ತಿದರೆ ಒಂದು ಅಲೈನರ್. ಒಂದೊಂದೂ ಹಲ್ಲನ್ನು ಸುಮಾರು 0.25 ಮಿಲಿಮೀಟರ್ ಸರಿಸುತ್ತದೆ. ನನಗೆ 26 ಸೆಟ್ ಬಂತು, ಹತ್ತು ದಿನಕ್ಕೊಂದು. ಹೊಸದು ಹಾಕಿದ ಮೊದಲ ಎರಡು ದಿನ ಬಿಗಿತ, ನೀರ್ ದೋಸೆ ಕಚ್ಚಿದರೂ ಹಲ್ಲು ಜುಂ ಅನ್ನುತ್ತದೆ. ಆಮೇಲೆ ಗೊತ್ತೇ ಆಗುವುದಿಲ್ಲ. ಮೊದಲ ವಾರ ಸ, ಶ ಸರಿ ಬರುವುದಿಲ್ಲ. ನನ್ನ ಕೆಲಸದಲ್ಲಿ ಫೋನಿನಲ್ಲಿ ದಿನವಿಡೀ ಸಾವಿರ, ಸಾವಿರದ ಐನೂರು ಅನ್ನಬೇಕು, ಆ ಕಡೆಯವರು ಎರಡೆರಡು ಸಾರಿ ಕೇಳಿದರು.

ಕಾಣುವುದೇ ಇಲ್ಲ ಅನ್ನುವುದು ಜಾಹೀರಾತಿನ ಮಾತು. ದೂರದಿಂದ ಕಾಣುವುದಿಲ್ಲ, ನಿಜ. ಆದರೆ ಹಿಡಿತಕ್ಕೆ ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಸಣ್ಣ ಉಬ್ಬು ಅಂಟಿಸುತ್ತಾರೆ, ಅಟ್ಯಾಚ್‌ಮೆಂಟ್ ಅಂತ. ನನಗೆ 11 ಇತ್ತು. ಅಲೈನರ್ ತೆಗೆದಾಗ ನಾಲಿಗೆಗೆ ಮರಳು ಕಾಗದದ ಹಾಗೆ. ಮೀನು ಸಾರಿನ ಅರಸಿನಕ್ಕೆ ಅವು ಹಳದಿಯಾಗುತ್ತವೆ. ಮತ್ತೆ ಕೆಳಗಿನ ಹಲ್ಲುಗಳಿಗೆ ಜಾಗ ಮಾಡಲು ಸಂದಿಯಲ್ಲಿ ತೆಳು ಪಟ್ಟಿ ಹಾಕಿ ಹಲ್ಲಿನ ಬದಿಯನ್ನು ಉಜ್ಜಿ ಸವೆಸಿದರು, ಒಂದೊಂದು ಸಂದಿಗೆ 0.2 ಮಿಲಿಮೀಟರ್ ಅಷ್ಟು. ನೋವಿಲ್ಲ, ಆದರೆ ಆ ಸದ್ದು ತಲೆಬುರುಡೆಯೊಳಗೆ ಕೇಳುತ್ತದೆ. ಹೀಗೊಂದು ಕೆಲಸ ಉಂಟು ಅಂತ ಮೊದಲೇ ಯಾರಾದರೂ ಹೇಳಿದ್ದರೆ ನಾನು ಕುರ್ಚಿ ಕೈಯನ್ನು ಅಷ್ಟು ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ.

ಈಗ ನಿಮ್ಮ ಕೋರೆಹಲ್ಲಿನ ವಿಷಯ. ಸ್ವಲ್ಪ ಒತ್ತೊತ್ತಾದ ಹಲ್ಲು, ಸಂದಿ ಬಿಟ್ಟ ಹಲ್ಲು, ಇದಕ್ಕೆ ಅಲೈನರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೋರೆಹಲ್ಲು ಗುಂಡಗೆ ಇರುವುದರಿಂದ ಪ್ಲಾಸ್ಟಿಕ್‌ಗೆ ಹಿಡಿದು ತಿರುಗಿಸಲು ಮೂಲೆ ಸಿಗುವುದಿಲ್ಲ, ಜಾರುತ್ತದೆ. ಹಲ್ಲನ್ನು ಕೆಳಗೆ ಎಳೆಯುವುದೂ ಕಷ್ಟ, ಹಲ್ಲು ಕಿತ್ತ ಜಾಗ ಮುಚ್ಚುವುದೂ ಕಷ್ಟ. ನನ್ನ ಎಡಗಡೆಯ ಕೋರೆಹಲ್ಲು 14ನೇ ಸೆಟ್‌ನಲ್ಲೇ ಮಾತು ಕೇಳುವುದು ಬಿಟ್ಟಿತ್ತು. ಅಲೈನರ್ ಅಂಚಿಗೂ ಹಲ್ಲಿಗೂ ನಡುವೆ ಉಗುರಿನಷ್ಟು ಗ್ಯಾಪ್. 26 ಮುಗಿದ ಮೇಲೆ ಮತ್ತೆ ಸ್ಕ್ಯಾನ್, ಮೂರು ವಾರ ಕಾಯುವುದು, ಮತ್ತೆ 12 ಸೆಟ್. ಒಂಬತ್ತು ತಿಂಗಳು ಅಂದದ್ದು ಹದಿಮೂರಾಯಿತು. ನಿಮ್ಮ ಹಲ್ಲು ಎಷ್ಟು ತಿರುಗಿದೆ ಅನ್ನುವುದರ ಮೇಲೆ ಉತ್ತರ ನಿಂತಿದೆ, ಫೋಟೋ ನೋಡಿ ಯಾರೂ ಹೇಳಲಾರರು. ಈ ಎರಡನೇ ಸುತ್ತಿನ ದುಡ್ಡು ಪ್ಯಾಕೇಜ್ ಒಳಗೇ ಬರುತ್ತದಾ ಅಂತ ಬರೆಸಿಕೊಳ್ಳಿ. ನನ್ನದು ಬಂತು. ಒಟ್ಟು 1,45,000 ಕೊಟ್ಟೆ, ಕಂತಿನಲ್ಲಿ. ಅದೇ ಡಾಕ್ಟರ್ ಲೋಹದ ಕ್ಲಿಪ್‌ಗೆ ಹೇಳಿದ್ದು 45,000.

ಎಲ್ಲಿ ಮಾಡಿಸುವುದು? ನಾನು ಮೊದಲು ಹೋದದ್ದು ಎಸಿ, ಸೋಫಾ ಎಲ್ಲ ಇದ್ದ ಒಂದು ಕಡೆ. ಹತ್ತು ನಿಮಿಷದಲ್ಲಿ ಪುಕ್ಕಟೆ ಸ್ಕ್ಯಾನ್, ಪರದೆ ಮೇಲೆ ನನ್ನದೇ ಹಲ್ಲು ನೆಟ್ಟಗಾಗುವ ವಿಡಿಯೋ, ಇವತ್ತೇ ಬುಕ್ ಮಾಡಿದರೆ 20,000 ಕಡಿಮೆ. ಎಕ್ಸ್‌ರೇ ಇಲ್ಲ, ಒಸಡು ಮುಟ್ಟಿ ನೋಡಲಿಲ್ಲ. ನನಗೆ ಮೊಬೈಲ್ ಅಂಗಡಿಯ ಹಾಗೆ ಕಂಡಿತು, ಎದ್ದು ಬಂದೆ. ಎರಡನೆಯವರು ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ತೆಗೆಸಿದರು, ಅಡ್ಡ ಮಲಗಿದ ಬುದ್ಧಿಹಲ್ಲು ತೋರಿಸಿದರು, ಮೊದಲು ಒಸಡು ಸರಿಯಾಗಲಿ ಅಂತ ಕ್ಲೀನಿಂಗ್ ಮಾಡಿ ಒಂದು ತಿಂಗಳು ಕಾಯಿಸಿದರು. ವಯಸ್ಸು ತೊಂದರೆ ಅಲ್ಲ, ಒಸಡು ಮತ್ತು ಎಲುಬು ಗಟ್ಟಿ ಇರಬೇಕು. ಅಮೆರಿಕದಲ್ಲಿ ಡಾಕ್ಟರ ಮುಖ ನೋಡದೆ ಮನೆಗೇ ಅಲೈನರ್ ಕಳಿಸುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಅನ್ನುವ ಕಂಪನಿ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು, ಅರ್ಧ ದಾರಿಯಲ್ಲಿದ್ದವರು ಬೇರೆ ಡಾಕ್ಟರ ಹುಡುಕಬೇಕಾಯಿತು. ನಮಗೆ ಆ ಗತಿ ಯಾಕೆ? ಮಣಿಪಾಲ, ದೇರಳಕಟ್ಟೆ, ಮಂಗಳೂರಿನ ಲೈಟ್‌ಹೌಸ್ ಹಿಲ್, ಎಲ್ಲ ಕಡೆ ಡೆಂಟಲ್ ಕಾಲೇಜು ಇರುವ ಊರು ನಮ್ಮದು. ಬಿಡಿಎಸ್ ಆದ ಮೇಲೆ ಮೂರು ವರ್ಷ ಹಲ್ಲು ಸರಿಸುವುದನ್ನೇ ಓದಿ ಎಂಡಿಎಸ್ ಮಾಡಿದ ಆರ್ಥೊಡಾಂಟಿಸ್ಟ್ ಹತ್ತಿರ ಒಮ್ಮೆ ತೋರಿಸಿ, ಅವರು ಕ್ಲಿಪ್ಪೇ ಒಳ್ಳೆಯದು ಅಂದರೆ ಕೇಳಿ. ನಾಚಿಕೆಯಾದರೆ ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಕೂಡ ಸಿಗುತ್ತದೆ.

ಮದುವೆ ಅಂದಿರಿ, ಅದಕ್ಕೆ ಒಂದು ಕಥೆ ಹೇಳಲೇಬೇಕು. ಚಿಕ್ಕಮ್ಮನ ಮಗನ ಮದುವೆ, ಕಿನ್ನಿಗೋಳಿ ಕಡೆ. ಡಬ್ಬಿ ಮರೆತಿದ್ದೆ. ಪಂಕ್ತಿಯಲ್ಲಿ ಕೂತು, ಅಲೈನರ್ ತೆಗೆದು, ಟಿಶ್ಯೂನಲ್ಲಿ ಸುತ್ತಿ ಎಲೆಯ ಬದಿಗೆ ಇಟ್ಟೆ. ಪಾಯಸ ಎರಡು ಸಾರಿ ಹಾಕಿಸಿಕೊಂಡೆ. ಕೈ ತೊಳೆದು ಬರುವಷ್ಟರಲ್ಲಿ ಎಲೆ ಮಡಚಿ ಹೋಗಿತ್ತು, ಮೇಜಿನ ಮೇಲೆ ಹೊಸ ಪೇಪರ್, ನನ್ನ ಜಾಗದಲ್ಲಿ ಬೇರೆ ಯಾರೋ ಉಪ್ಪಿನಕಾಯಿಗೆ ಕಾಯುತ್ತಿದ್ದರು. ಹಾಲ್‌ನ ಹಿಂದೆ ಹೋಗಿ, ರೇಷ್ಮೆ ಶರ್ಟಿನ ತೋಳು ಮಡಚಿ, ಎಲೆ ರಾಶಿಗೆ ಕೈ ಹಾಕಿದೆ. ಬಡಿಸುವ ಅಣ್ಣನೊಬ್ಬ ಬಂದು, ಎಂತ ಹುಡುಕುವುದು, ಚಿನ್ನವಾ ಅಂದ. ಹಲ್ಲು ಅಂದೆ. ಅವ ನನ್ನ ಬಾಯಿ ನೋಡಿದ, ಎಲ್ಲ ಹಲ್ಲೂ ಇತ್ತು. ಸುಮ್ನೆ ಹೋದ. ಸಿಗಲಿಲ್ಲ. ಪುಣ್ಯಕ್ಕೆ ಅದರ ಒಂಬತ್ತನೇ ದಿನ, ಡಾಕ್ಟರ್ ಫೋನಿನಲ್ಲೇ ಮುಂದಿನದು ಹಾಕು ಅಂದರು. ಮೊದಲ ದಿನಗಳಲ್ಲಿ ಕಳೆದಿದ್ದರೆ ಹಿಂದಿನ ಸೆಟ್‌ಗೆ ಮರಳಬೇಕಿತ್ತು, ಅದಕ್ಕೇ ಹಳೆಯದನ್ನು ಬಿಸಾಡಬೇಡಿ.

ಮುಗಿದ ಮೇಲೂ ಮುಗಿಯುವುದಿಲ್ಲ, ಇದು ಕ್ಲಿಪ್‌ಗೂ ಅಷ್ಟೇ. ಹಲ್ಲಿನ ಸುತ್ತಲಿನ ನಾರು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತದೆ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕಲೇಬೇಕು. ನನಗೆ ಈಗ ರಾತ್ರಿ ಮಾತ್ರ. ತಂಗಿ ಎರಡು ವರ್ಷ ಹಾಕಿ ಬಿಟ್ಟಳು, ಕೆಳಗಿನ ಒಂದು ಹಲ್ಲು ಮತ್ತೆ ಓರೆಯಾಯಿತು.

ನೀವು ಈ ತಿಂಗಳು ಶುರು ಮಾಡಿದರೂ ಮದುವೆಯೊಳಗೆ ಪೂರ್ತಿ ಮುಗಿಯುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಫೋಟೋ ಹೊತ್ತಿಗೆ ಒಂದೆರಡು ಗಂಟೆ ತೆಗೆದಿಟ್ಟರೆ ಏನೂ ಆಗುವುದಿಲ್ಲ, ಆ ಅನುಕೂಲ ಅಲೈನರ್‌ಗೆ ಉಂಟು. ಡಬ್ಬಿ ಮಾತ್ರ ನಂಬುವ ಯಾರದಾದರೂ ಕೈಯಲ್ಲಿ ಕೊಡಿ, ಬಡಿಸುವವರ ಕೈಗೆ ಸಿಗದ ಹಾಗೆ. ಓಪಿಜಿ ತೆಗೆಸಿದ ಮೇಲೆ ಡಾಕ್ಟರ್ ಏನಂದರು ಅಂತ ಇಲ್ಲೇ ಬರೆಯಿರಿ, ನನ್ನ ಕೋರೆಹಲ್ಲಿನ ಮೊದಲಿನ ಮತ್ತು ಈಗಿನ ಫೋಟೋ ಹುಡುಕಿ ಹಾಕುತ್ತೇನೆ. ಈಗಲೂ ಅದು ಒಂಚೂರು ತಿರುಗಿಯೇ ಇದೆ.